ಹತ್ತಕ್ಕೆ ಎಷ್ಟು?

ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ಅದಕ್ಕಿಂತ ಹೆಚ್ಚಾಗಿ ಉತ್ತರಪತ್ರಿಕೆಗಳನ್ನು ತಿದ್ದಿ, ನಿವೃತ್ತನಾದವನು ನಾನು. ಪಾಠ ಹೇಳುವ ಅಭ್ಯಾಸ ನಿವೃತ್ತಿಯೊಡನೆ ತಪ್ಪಿತು. ಅಂಕ ಕೊಡುವ ಅಭ್ಯಾಸ ಮಾತ್ರ ತಪ್ಪಲಿಲ್ಲ. ಗಾಂಧಿಬಜಾರಿನ ದೋಸೆಗೆ ಹತ್ತಕ್ಕೆ ಎಷ್ಟು, ನೆರೆಮನೆಯವರು ಸಂಕ್ರಾಂತಿಗೆ ಬೀರಿದ ಸಕ್ಕರೆ ಅಚ್ಚಿಗೆ ಎಷ್ಟು, ಸಭೆಯಲ್ಲಿ ಅಧ್ಯಕ್ಷರು ಮಾಡಿದ ಭಾಷಣಕ್ಕೆ ಎಷ್ಟು, ಎಂದು ಮನಸ್ಸು ತನ್ನಷ್ಟಕ್ಕೆ ತಾನು ಗುಣಿಸುತ್ತಲೇ ಇರುತ್ತದೆ. ಇದು ನನ್ನೊಬ್ಬನ ರೋಗವಲ್ಲವೆಂದು ನಂಬಿದ್ದೇನೆ. ಉಪಾಧ್ಯಾಯರಾಗಿದ್ದ ವಾಚಕರು ಎದೆ ಮುಟ್ಟಿಕೊಂಡು ನೋಡಲಿ.

ನಾನು ಕೊಟ್ಟ ಸಾವಿರಾರು ಅಂಕಗಳಲ್ಲಿ ತಪ್ಪಾದವು ಎಷ್ಟಿದ್ದವೋ, ಆ ವಿದ್ಯಾರ್ಥಿಗಳು ಕ್ಷಮಿಸಬೇಕು. ಆದರೆ ಓದದೆ ಕೊಟ್ಟ ಅಂಕ, ನನಗೆ ತಿಳಿದಮಟ್ಟಿಗೆ, ಒಂದೇ ಒಂದು. ಅದನ್ನು ಕೊಟ್ಟದ್ದು ಪರೀಕ್ಷಾಮಂದಿರದಲ್ಲಲ್ಲ, ಚಾಮರಾಜಪೇಟೆಯ ನನ್ನ ಮನೆಯ ನಡುಮನೆಯಲ್ಲಿ. ಕೊಟ್ಟದ್ದು ನನ್ನ ಮಗನಿಗೆ.

ಮೊದಲು ಮನೆಯ ವಿಚಾರವಾಗಿ ಎರಡು ಮಾತು ಹೇಳಬೇಕು. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಲಿಯವರ ರಾಮನವಮಿ ಸಂಗೀತೋತ್ಸವ ನಡೆಯುವುದನ್ನು ಬೆಂಗಳೂರಿನಲ್ಲಿ ಅರಿಯದವರಿಲ್ಲ. ನಾರಾಯಣಸ್ವಾಮಿ ರಾಯರು ೧೯೩೯ರಲ್ಲಿ ಮೊದಲುಮಾಡಿದ ಆ ಉತ್ಸವಕ್ಕೆ ನನ್ನ ತಂದೆ ನನ್ನನ್ನು ಹೆಗಲಮೇಲೆ ಕೂರಿಸಿಕೊಂಡು ಹೋದರು. ನಾನು ನನ್ನ ಮಗನನ್ನು ಕೈಹಿಡಿದು ಕರೆದುಕೊಂಡು ಹೋದೆ. ಕಚೇರಿ ಮುಗಿದಮೇಲೆ ಚಪ್ಪರದ ಹೊರಗೆ ಇನ್ನೊಂದು ಕಚೇರಿ ನಡೆಯುತ್ತಿತ್ತು. ಅಲ್ಲಿ ಹಾಡುವವರಿಲ್ಲ, ತೂಗುವವರೇ ಎಲ್ಲರೂ. ಇಂದಿನ ತೋಡಿ ಹೋದ ವರ್ಷದ ತೋಡಿಯ ಪಾದಧೂಳಿಗೂ ಸಮವಲ್ಲ ಎಂದು ಒಬ್ಬರು; ತನಿ ಆವರ್ತನಕ್ಕೆ ಎದ್ದುಹೋದವರಿಗೆ ಮಾತನಾಡುವ ಅಧಿಕಾರವಿಲ್ಲ ಎಂದು ಇನ್ನೊಬ್ಬರು. ಒಂದು ಕಾಂಭೋಜಿಯ ದೆಸೆಯಿಂದ ನನ್ನ ತಂದೆಯೂ ಅವರ ಗೆಳೆಯರೊಬ್ಬರೂ ಎರಡು ವರ್ಷ ಮಾತು ಬಿಟ್ಟಿದ್ದರು. ಪಿಟೀಲು ಚೌಡಯ್ಯನವರು ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಗಳಿಗೆ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ನುಡಿಸಿದಾಗ, ಇಷ್ಟು ಗಟ್ಟಿ ನಾದ ಸಂಪ್ರದಾಯಕ್ಕೆ ಒಪ್ಪುವುದೇ ಎಂದು ಕೇಳಿದವರೂ ಆ ಗುಂಪಿನಲ್ಲಿ ಇದ್ದರೆಂದು ತಂದೆ ಹೇಳುತ್ತಿದ್ದರು. ಅವರು ಚೌಡಯ್ಯನವರ ಪಕ್ಷ.

ಇಂಥ ಮನೆಯಲ್ಲಿ ಹುಟ್ಟಿದ ಹುಡುಗ ಹದಿನೇಳನೆಯ ವಯಸ್ಸಿಗೆ ಹೆವಿ ಮೆಟಲ್ ಎಂಬ ಸಂಗೀತಕ್ಕೆ ಒಲಿದನು. ೧೯೯೨ನೆಯ ಇಸವಿ. ಬಸವನಗುಡಿಯ ಗೆಳೆಯನೊಬ್ಬ, ಮಲ್ಲೇಶ್ವರದ ಗೆಳೆಯನೊಬ್ಬ, ಇವನೊಬ್ಬ. ಒಬ್ಬನ ಬಳಿಯ ಕ್ಯಾಸೆಟ್ಟು ಮೂವರ ಮನೆಯಲ್ಲಿಯೂ ನಕಲಾಗುತ್ತಿತ್ತು. ಶನಿವಾರ ಸಂಜೆ ಬಸವನಗುಡಿಯ ಕಹಳೆ ಬಂಡೆಯ ಮೇಲೆ ಕುಳಿತು ಆ ವಾರ ಕೇಳಿದ ಹಾಡುಗಳಿಗೆ ಅಂಕ ಕೊಡುತ್ತಿದ್ದರಂತೆ. ರಾಕ್ ಸಂಗೀತಕ್ಕೆ ಬಂಡೆಗಿಂತ ತಕ್ಕ ಪೀಠವಿಲ್ಲ ಎಂಬುದು ಅವರ ಹಾಸ್ಯ. ಚಪ್ಪರದ ಹೊರಗಿನ ಕಚೇರಿಯೇ ಅಲ್ಲಿಗೆ ಹೋಗಿದೆ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಒಂದು ಸಂಜೆ ಅವನು ಟೇಪ್ ರಿಕಾರ್ಡರನ್ನು ನಡುಮನೆಗೆ ತಂದಿಟ್ಟು, "ಅಣ್ಣ, ಒಂದೇ ಒಂದು ಹಾಡು ಕೇಳಿ. ಪೂರ್ತಿ ಕೇಳಿ, ಆಮೇಲೆ ಹತ್ತಕ್ಕೆ ಎಷ್ಟು ಹೇಳಿ" ಎಂದನು. ನಮ್ಮ ಮನೆಯಲ್ಲಿ ತಂದೆಯನ್ನು ಅಣ್ಣ ಎಂದು ಕರೆಯುವುದು ರೂಢಿ. ನನ್ನ ಮುಂದೆ ಉತ್ತರಪತ್ರಿಕೆಗಳ ಕಟ್ಟು ಇತ್ತು. ಮೊದಲು ಒಂದು ಗಂಟೆಯ ಸದ್ದು, ಆಮೇಲೆ ನಿಧಾನವಾದ ದನಿ. ಬಳಿಕ ಗಿಟಾರುಗಳೂ ನಗಾರಿಗಳೂ ಒಮ್ಮೆಗೆ ಎದ್ದವು. ನಾನು ಕೈಚಾಚಿ ಗುಂಡಿಯನ್ನು ಒತ್ತಿ ನಿಲ್ಲಿಸಿದೆ. "ಸೊನ್ನೆ" ಎಂದೆ. ಅವನು ವಾದಿಸಲಿಲ್ಲ. ಯಂತ್ರವನ್ನು ಎತ್ತಿಕೊಂಡು ಒಳಕ್ಕೆ ಹೋದನು. ಮುಂದೆ ಎಂದೂ ಅವನು ನನ್ನನ್ನು ಯಾವುದಕ್ಕೂ ಅಂಕ ಕೇಳಲಿಲ್ಲ. ಎಂಜಿನಿಯರಿಂಗಿಗೆ ಸೇರುವಾಗ, ಜರ್ಮನಿಗೆ ಹೊರಡುವಾಗ, ಮದುವೆಯ ವಿಷಯದಲ್ಲಿ, ಎಲ್ಲವನ್ನೂ ತಾನೇ ನಿಶ್ಚಯಿಸಿ ಬಂದು ತಿಳಿಸಿದನು. ಗೌರವಕ್ಕೆ ಕೊರತೆಯಿರಲಿಲ್ಲ. ಪ್ರಶ್ನೆ ಮಾತ್ರ ಇರಲಿಲ್ಲ.

೨೦೦೭ರ ಮಾರ್ಚಿಯಲ್ಲಿ ಅವನು ಇದ್ದಕ್ಕಿದ್ದಂತೆ ರಜೆಯ ಮೇಲೆ ಬಂದನು. ಯುಗಾದಿ ಸಮೀಪದಲ್ಲಿತ್ತು; ಹಬ್ಬಕ್ಕೆಂದು ಬಂದಿದ್ದಾನೆಂದು ನಾವು ಹಿಗ್ಗಿದೆವು. ೧೭ನೆಯ ತಾರೀಖು ಶನಿವಾರ ನಡುರಾತ್ರಿ ಮನೆಗೆ ಬಂದಾಗ ಅವನ ಬಟ್ಟೆಯೆಲ್ಲ ಕೆಂಧೂಳು, ಗಂಟಲು ಪೂರ್ತಿಯಾಗಿ ಕಟ್ಟಿಹೋಗಿತ್ತು. ನನ್ನ ಹೆಂಡತಿ ಒಂದು ಮಾತನ್ನೂ ಕೇಳದೆ ಹಾಲಿಗೆ ಮೆಣಸಿನಪುಡಿ, ಅರಿಸಿನ ಹಾಕಿ ಕಾಸಿ ಕೊಟ್ಟಳು. ಎಲ್ಲಿಗೆ ಹೋಗಿದ್ದೆ ಎಂದು ನಾನೂ ಕೇಳಲಿಲ್ಲ. ಅರಮನೆ ಮೈದಾನದಲ್ಲಿ ಲಂಡನ್ನಿನ ಐರನ್ ಮೇಡನ್ ಎಂಬ ತಂಡ ಭಾರತದಲ್ಲಿ ಮೊಟ್ಟಮೊದಲ ಬಾರಿಗೆ ಹಾಡಿತೆಂಬುದನ್ನು ಮರುದಿನ ವೃತ್ತಪತ್ರಿಕೆಯಲ್ಲಿ ಓದಿ, ಮಡಿಸಿ, ಪಕ್ಕಕ್ಕಿಟ್ಟೆ.

ಹೆಂಡತಿ ತೀರಿಕೊಂಡಮೇಲೆ ಭಾನುವಾರಗಳಂದು ಮಗನಿಂದ ದೂರವಾಣಿ ಬರುತ್ತದೆ. ಮಾತ್ರೆ ತೆಗೆದುಕೊಂಡಿರಾ, ಮಳೆ ಬಂತೇ, ಕೆಲಸದವಳು ಬಂದಳೇ, ಇಷ್ಟೇ. ೨೦೨೫ರ ಜುಲೈ ಕೊನೆಯಲ್ಲಿ ಒಂದು ದಿನ, ಭಾನುವಾರವಲ್ಲದ ದಿನ, ಅವನು ಮಾತನಾಡಿಸಿದನು. ದನಿ ಒಡೆದಿತ್ತು. ಗಾಬರಿಯಿಂದ "ಯಾರಿಗೇನಾಯಿತು?" ಎಂದೆ. "ಯಾರಿಗೂ ಏನೂ ಇಲ್ಲ ಅಣ್ಣ, ಸುಮ್ಮನೆ ಮಾಡಿದೆ" ಎಂದನು. ನನ್ನೊಡನೆ ಇದ್ದು ಕಾಲೇಜಿಗೆ ಹೋಗುವ ಮಗಳ ಮಗಳು ವಿಷಯವನ್ನು ಬಿಡಿಸಿ ಹೇಳಿದಳು. ಬ್ಲ್ಯಾಕ್ ಸಬ್ಬತ್ ತಂಡದ ಗಾಯಕ ಆಜಿ ಆಸ್ಬರ್ನ್ ೨೨ನೆಯ ತಾರೀಖು ತೀರಿಕೊಂಡಿದ್ದನು. ಅದಕ್ಕೆ ಎರಡು ವಾರ ಹಿಂದೆ, ಜುಲೈ ೫ರಂದು, ತನ್ನ ಹುಟ್ಟೂರಾದ ಬರ್ಮಿಂಗ್ಹ್ಯಾಮಿನಲ್ಲಿ ಸಿಂಹಾಸನದಂಥ ಕುರ್ಚಿಯಲ್ಲಿ ಕುಳಿತು ಕಡೆಯ ಕಚೇರಿ ಮಾಡಿದ್ದನು. "ಮಾವ ಅತ್ತಿರಬೇಕು ತಾತ" ಎಂದಳು. ಅಳು ಬಂದಾಗ ಅವನು ನನಗೆ ದೂರವಾಣಿ ಮಾಡಿದನು. ಕಾರಣವನ್ನು ಹೇಳಬಹುದೆಂಬ ಧೈರ್ಯ ಮಾತ್ರ ಅವನಿಗೆ ಬರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೆಯ ದಿನ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿದೆವು. ಮಗನ ಅಂಕಪಟ್ಟಿಗಳ ಕೆಳಗೆ, ನನ್ನ ಹೆಂಡತಿ ಹಳೆಯ ರವಿಕೆಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಇನ್ನೂರು ಪುಟದ ನೋಟುಪುಸ್ತಕ ಸಿಕ್ಕಿತು. ಅರವತ್ತನಾಲ್ಕು ಹಾಡುಗಳು; ಪ್ರತಿಯೊಂದಕ್ಕೂ ಗೆರೆ ಎಳೆದ ಐದು ಅಂಕಣಗಳು. ಮೂರು ಅಂಕಣ ಮೂವರು ಗೆಳೆಯರವು. ನಾಲ್ಕನೆಯದರ ತಲೆಯಲ್ಲಿ "ಅಣ್ಣ", ಐದನೆಯದರಲ್ಲಿ "ಅಮ್ಮ". ನನ್ನ ಅಂಕಣದಲ್ಲಿ ಮೊದಲ ಹಾಡಿನ ಎದುರಿಗೆ ಒಂದು ಸೊನ್ನೆ; ಅದರ ಕೆಳಗೆ ಮೂರು ಪುಟ ಬರಿದು. ನಾಲ್ಕನೆಯ ಪುಟದಿಂದ ಆ ಅಂಕಣಕ್ಕೆ ಗೆರೆಯನ್ನೇ ಎಳೆದಿರಲಿಲ್ಲ.

ಅಮ್ಮನ ಅಂಕಣ ತುಂಬಿತ್ತು. ಅವಳದೇ ಕೈ ಬರಹ; ಎಲ್ಲದಕ್ಕೂ ಹತ್ತಕ್ಕೆ ಹತ್ತು. ನಾನು ನಕ್ಕೆ. ಓದದೆ ಸೊನ್ನೆ ಕೊಟ್ಟ ಪರೀಕ್ಷಕ ನಾನಾದರೆ, ಓದದೆ ಹತ್ತು ಕೊಟ್ಟ ಪರೀಕ್ಷಕಳು ಇವಳು, ಇಬ್ಬರನ್ನೂ ವಿಶ್ವವಿದ್ಯಾನಿಲಯ ಕೆಲಸದಿಂದ ತೆಗೆಯಬೇಕಾದದ್ದೇ, ಎಂದು ಮೊಮ್ಮಗಳಿಗೆ ಹೇಳಿದೆ. ಅವಳು ಪುಟ ಮಗುಚುತ್ತ ಇಪ್ಪತ್ತಮೂರನೆಯ ಹಾಡಿನ ಬಳಿ ಬೆರಳಿಟ್ಟಳು. ಅಲ್ಲಿ ಏಳು ಎಂದಿತ್ತು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ, "ಪಾಪ, ಗಂಟಲು ಜೋಪಾನ".

ಹಾಗಾದರೆ ಅವಳು ಕೇಳಿದ್ದಳು. ಅಡಿಗೆಮನೆಗೆ ಹೊಂದಿಕೊಂಡ ಕೋಣೆ ಮಗನದು. ನಾನು ಮುಚ್ಚಿಸಿದ ಬಾಗಿಲು ಇನ್ನೊಂದು ಕಡೆಗೆ ತೆರೆದೇ ಇತ್ತು. ಅಂದು ಸಂಜೆಯಿಂದ ಮೊಮ್ಮಗಳ ದೂರವಾಣಿಯಲ್ಲಿ, ಕಿವಿಗೆ ಅವಳ ಯಂತ್ರವನ್ನು ಸಿಕ್ಕಿಸಿಕೊಂಡು, ದಿನಕ್ಕೊಂದರಂತೆ ಆ ಹಾಡುಗಳನ್ನು ಕೇಳತೊಡಗಿದೆ. ನಿಯಮವೊಂದೇ: ಕೊನೆಯ ತನಕ ಕೇಳಬೇಕು.

ಗಾಯಕನು ತೀರಿಕೊಂಡದ್ದರಿಂದ ಮೊದಲು ಕೇಳಿದ್ದು ಬ್ಲ್ಯಾಕ್ ಸಬ್ಬತ್ ತಂಡದ ಅದೇ ಹೆಸರಿನ ಹಾಡನ್ನು. ೧೯೭೦ರ ಫೆಬ್ರವರಿ ೧೩ರಂದು ಹೊರಬಂದ ಅವರ ಮೊದಲ ತಟ್ಟೆಯ ಮೊದಲ ಹಾಡು ಅದು. ಈ ಸಂಗೀತಪ್ರಕಾರದ ಹುಟ್ಟನ್ನು ಅನೇಕರು ಅಲ್ಲಿಂದಲೇ ಎಣಿಸುತ್ತಾರೆ. ಮಳೆಯ ಸದ್ದು, ದೂರದ ಇಗರ್ಜಿಯ ಗಂಟೆ, ಆಮೇಲೆ ಗಿಟಾರಿನಲ್ಲಿ ಮೂರೇ ಸ್ವರ: ಷಡ್ಜ, ತಾರಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಅಲ್ಲೇ ನಿಂತುಬಿಡುತ್ತದೆ. ನಮ್ಮ ಕಿವಿ ಪಂಚಮವನ್ನು ಬೇಡುತ್ತದೆ, ಅವರು ಕೊಡುವುದಿಲ್ಲ. ಹಂಸಾನಂದಿಯಲ್ಲಿಯೂ ಪಂಚಮವಿಲ್ಲ, ಆದರೆ ಅಲ್ಲಿ ಆ ಇಲ್ಲದಿರುವಿಕೆ ಹಂಬಲವಾಗುತ್ತದೆ. ಇಲ್ಲಿ ಅದು ಭಯವಾಗುತ್ತದೆ. ನುಡಿಸಿದವನು ಟೋನಿ ಅಯೋಮಿ, ಎಡಗೈ ವಾದಕ. ಹದಿನೇಳನೆಯ ವಯಸ್ಸಿನಲ್ಲಿ ಲೋಹದ ಕಾರ್ಖಾನೆಯಲ್ಲಿ ಯಂತ್ರಕ್ಕೆ ಸಿಕ್ಕಿ, ತಂತಿ ಒತ್ತುವ ಬಲಗೈಯ ಎರಡು ಬೆರಳ ತುದಿಗಳನ್ನು ಕಳೆದುಕೊಂಡನು. ಪ್ಲಾಸ್ಟಿಕ್ ಶೀಸೆಯನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡನು. ಒತ್ತಲು ಸುಲಭವಾಗಲೆಂದು ತೆಳುವಾದ ತಂತಿ ಕಟ್ಟಿ, ಮುಂದೆ ಶ್ರುತಿಯನ್ನೂ ಇಳಿಸಿದನು. ಶ್ರುತಿ ಇಳಿದುದರಿಂದ ನಾದ ಇನ್ನಷ್ಟು ಭಾರವಾಯಿತು. ಕೊನೆಯ ಸಾಲಿನವನಿಗಾಗಿ ತಂತಿ ಸೇರಿಸಿದ ಚೌಡಯ್ಯನವರ ಜ್ಞಾಪಕ ನನಗೆ ಬಂತು. ಒಬ್ಬೊಬ್ಬ ವಾದಕನ ತೊಡಕಿನಿಂದ ಒಂದೊಂದು ನಾದ ಹುಟ್ಟುತ್ತದೆ. ಎಂಟು ಅಂಕ ಬರೆದೆ.

ಐರನ್ ಮೇಡನ್ ತಂಡದ "ದಿ ಟ್ರೂಪರ್" ಎಂಬ ೧೯೮೩ರ ಹಾಡನ್ನು ಕೇಳಿದ ದಿನ ನನ್ನೊಳಗಿನ ಕನ್ನಡ ಪಂಡಿತನು ಎದ್ದು ಕುಳಿತನು. ೧೮೫೪ರಲ್ಲಿ ಬಾಲಕ್ಲಾವದಲ್ಲಿ ತಪ್ಪು ಆಜ್ಞೆಗೆ ತಲೆಬಾಗಿ ಫಿರಂಗಿಗಳ ಬಾಯಿಗೆ ನುಗ್ಗಿದ ಕುದುರೆ ಸವಾರರ ಕಥೆ ಅದು. ಟೆನಿಸನ್ನನ ಪದ್ಯವಾಗಿ ನಮ್ಮ ತಲೆಮಾರಿನವರು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು. ಹಾಡಿನ ಗಿಟಾರು ಕುದುರೆಯ ಓಟದಲ್ಲಿ ಹೋಗುತ್ತದೆ: ಒಂದು ದೀರ್ಘ ಪೆಟ್ಟು, ಎರಡು ಹ್ರಸ್ವ ಪೆಟ್ಟು, ತಾಂತಕ ತಾಂತಕ. ಗುರು, ಲಘು, ಲಘು! ಮೂವತ್ತನಾಲ್ಕು ವರ್ಷ ಕರಿಹಲಗೆಯ ಮೇಲೆ ನಾನು ಬರೆದ ಭಗಣವಲ್ಲದೆ ಇದು ಬೇರೆ ಏನು? ಟೆನಿಸನ್ನನ ಪದ್ಯದ ನಡೆಯೂ ಅದೇ ಜಾತಿಯದು. ಪದ್ಯದಲ್ಲಿ ಕವಿ ದೂರ ನಿಂತು ಸವಾರರನ್ನು ಹೊಗಳುತ್ತಾನೆ; ಹಾಡಿನಲ್ಲಿ ಮಾತನಾಡುವವನು ಸಾಯುತ್ತಿರುವ ಸವಾರ. ಹುಡುಗನಾಗಿದ್ದಾಗ ಆ ಪದ್ಯವನ್ನು ಒಪ್ಪಿಸಿ ಬಹುಮಾನ ಪಡೆದ ನನಗೆ, ಆ ಸವಾರನ ಹೆಸರೇನಿದ್ದೀತು, ಅವನಿಗೆ ತಾಯಿ ಇದ್ದಳೇ ಎಂದು ಎಂದೂ ತೋರಿರಲಿಲ್ಲ. ಒಂಬತ್ತು.

ಇಪ್ಪತ್ತಮೂರನೆಯದು ಜೂಡಸ್ ಪ್ರೀಸ್ಟ್ ತಂಡದ "ಪೇನ್‌ಕಿಲ್ಲರ್", ೧೯೯೦ರದು. ನಗಾರಿಗಳ ಧಾಳಿಯಿಂದ ಮೊದಲಾಗಿ, ಗಾಯಕ ರಾಬ್ ಹಾಲ್‌ಫೋರ್ಡ್ ತಾರಸ್ಥಾಯಿಯ ತುತ್ತತುದಿಯಲ್ಲಿ ಕಿರುಚುತ್ತ ಹಾಡುತ್ತಾನೆ. ಇಳಿಯುವನೆಂದು ಕಾದರೆ ಇಳಿಯುವುದಿಲ್ಲ. ಅಡಿಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತ ಇದನ್ನು ಕೇಳಿ, ಆ ಪರದೇಶದ ಹುಡುಗನ ಗಂಟಲನ್ನು ಕುರಿತು ಅವಳು ಮರುಗಿದ್ದಳು. ೨೦೦೭ರ ರಾತ್ರಿ ಮೆಣಸಿನ ಹಾಲು ಕಾಸುವಾಗ ಅವಳಿಗೆ ಎಲ್ಲವೂ ತಿಳಿದಿತ್ತು. ಈ ಹಾಡಿಗೆ ನಾನೂ ಏಳೇ ಕೊಟ್ಟೆ. ಪರೀಕ್ಷಕರು ಒಬ್ಬರ ಅಂಕವನ್ನು ಒಬ್ಬರು ನೋಡಬಾರದೆಂಬ ನಿಯಮವನ್ನು ಅಂದು ಮುರಿದೆ.

ಪವರ್ ಮೆಟಲ್ ಎಂಬುದು ಈ ವಂಶದ ಕಿರಿಯ ಕುಡಿ. ಹಾಂಬುರ್ಗಿನ ಹೆಲೋವೀನ್ ತಂಡ ೧೯೮೭ ಮತ್ತು ೧೯೮೮ರಲ್ಲಿ ಎರಡು ಭಾಗಗಳಾಗಿ ಹೊರತಂದ "ಕೀಪರ್ ಆಫ್ ದಿ ಸೆವೆನ್ ಕೀಸ್" ಅದಕ್ಕೆ ಅಡಿಪಾಯವಾಯಿತು. ಇಲ್ಲಿ ಭಯಕ್ಕಿಂತ ಉತ್ಸಾಹ ಹೆಚ್ಚು: ಖಡ್ಗ, ಮಹಾಸರ್ಪ, ಪ್ರತಿಜ್ಞೆ, ಕಡೆಯಲ್ಲಿ ಜಯ. ಸ್ವರಸಂಚಾರ ಬಹುಮಟ್ಟಿಗೆ ನಟಭೈರವಿಯದು. ನಡುನಡುವೆ ಕಾಕಲಿ ನಿಷಾದ ಇಣಿಕಿ ಕೀರವಾಣಿಯನ್ನು ನೆನಪಿಗೆ ತರುತ್ತದೆ. ಮೇಳವೊಂದಾದ ಮಾತ್ರಕ್ಕೆ ರಾಗ ಒಂದಾಗದೆಂಬುದನ್ನು ಬಲ್ಲೆ. ಗಮಕವಿಲ್ಲದ ಸ್ವರ ನಮಗೆ ಉಪ್ಪಿಲ್ಲದ ಊಟವೇ ಸರಿ. ಆದರೆ ಬ್ಲೈಂಡ್ ಗಾರ್ಡಿಯನ್ ಎಂಬ ಇನ್ನೊಂದು ಜರ್ಮನ್ ತಂಡದ ೧೯೯೨ರ "ಬಾರ್ಡ್ಸ್ ಸಾಂಗ್" ಎಂಬುದರಲ್ಲಿ ಸಿಡಿಲೂ ಇಲ್ಲ, ಗುಡುಗೂ ಇಲ್ಲ. ಕಥೆ ಹೇಳುವ ಹಾಡುಗಾರನು ತನ್ನ ಪಾಡನ್ನು ತಾನೇ ಹಾಡಿಕೊಳ್ಳುತ್ತಾನೆ. ಸಭೆಗಳಲ್ಲಿ ಇದನ್ನು ಗಾಯಕನಿಗಿಂತ ಜನರೇ ಹೆಚ್ಚಾಗಿ ಹಾಡುತ್ತಾರೆಂದು ಮೊಮ್ಮಗಳು ತೋರಿಸಿದಳು. ಗದುಗಿನ ಭಾರತವನ್ನು ಗಮಕಿಗಳು ಓದುವಾಗ ಮುಂದಿನ ಸಾಲನ್ನು ತುಟಿಯಲ್ಲೇ ನುಡಿಯುತ್ತಿದ್ದ ಮುದುಕರನ್ನು ನಾನು ನೋಡಿದ್ದೇನೆ. ಒಂಬತ್ತು.

ಎಲ್ಲವೂ ಹೀಗೆ ಮೆಚ್ಚುಗೆಯಾಗಿಯೇ ಹೋಯಿತೆಂದು ವಾಚಕರು ತಿಳಿಯಬಾರದು. ಜೋಡಿ ನಗಾರಿಯ ಎಡೆಬಿಡದ ಬಡಿತ ಮೂರನೆಯ ನಿಮಿಷಕ್ಕೆ ಬೇಸರ ತರುತ್ತದೆ. ಕೆಲವು ಹಾಡುಗಳಲ್ಲಿ ಬೆರಳಿನ ವೇಗವೇ ಭಾವದ ಸ್ಥಾನವನ್ನು ಕಬಳಿಸಿದೆ. ನಮ್ಮಲ್ಲಿಯೂ ಸ್ವರಪ್ರಸ್ತಾರವನ್ನು ಲೆಕ್ಕದ ಪಾಠ ಮಾಡುವವರುಂಟಷ್ಟೆ. ಮಹಾಸರ್ಪಗಳು ಮಿತಿಮೀರಿದವು. ಮೂರು ಅಂಕ ಪಡೆದವು ಐದಿವೆ. ಎರಡು ಪಡೆದದ್ದು ಒಂದು. ಆದರೆ ಇವು ಕೇಳಿದ ಬಳಿಕ ಕೊಟ್ಟವು.

ಒಂದು ರಾತ್ರಿ ಮೊಮ್ಮಗಳು ಪಟ್ಟಿಯಲ್ಲಿಲ್ಲದ ಹಾಡೊಂದನ್ನು ಕೇಳಿಸಿದಳು. ನಮ್ಮ ಬೆಂಗಳೂರಿನಲ್ಲೇ ೧೯೯೮ರಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡದ್ದು. ಉತ್ತರ ಜರ್ಮನಿಯ ವಾಕೆನ್ ಎಂಬ ಪುಟ್ಟ ಹಳ್ಳಿಯಲ್ಲಿ ೧೯೯೦ರಿಂದ ಈ ಸಂಗೀತದ ಜಾತ್ರೆ ನೆರೆಯುತ್ತದೆ. ಹೊಲದ ಕೆಸರಿನಲ್ಲಿ ಎಪ್ಪತ್ತು ಸಾವಿರಕ್ಕೂ ಮಿಕ್ಕ ಜನ ಕೂಡುತ್ತಾರೆ. ೨೦೧೩ರಲ್ಲಿ ಕ್ರಿಪ್ಟೋಸ್ ಅಲ್ಲಿ ನುಡಿಸಿತು. "ಮಾವ ಅವತ್ತು ಅಲ್ಲಿದ್ದರು ತಾತ. ತಮ್ಮೂರಿನ ಹುಡುಗರು ಹತ್ತಿದಾಗ ಗಟ್ಟಿಯಾಗಿ ಕನ್ನಡದಲ್ಲಿ ಕೂಗಿದರಂತೆ." ಅವಳಿಗೆ ಹೇಳಿದ್ದಾನೆ. ಅವನ ಅಮ್ಮನಿಗೂ ಹೇಳಿದ್ದಿರಬೇಕು. ನನ್ನ ತಂದೆ ಕೋಟೆ ಮೈದಾನದಿಂದ ಬಂದವರೇ ಅಂದಿನ ಕಚೇರಿಯನ್ನೆಲ್ಲ ನನ್ನ ಮುಂದೆ ಸುರಿಯುತ್ತಿದ್ದರು. ಮಗನಿಗೆ ಸುರಿಯಲು ಮನೆಯಲ್ಲಿ ಪಾತ್ರೆ ಇರಲಿಲ್ಲ.

ಈ ವಯಸ್ಸಿನಲ್ಲಿ ಅಂಕವನ್ನು ಕುರಿತು ನನಗೆ ತಿಳಿದುಬಂದದ್ದು ಸ್ವಲ್ಪ. ಹಾಡಿಗೆ ಒಬ್ಬನು ಹತ್ತು ಕೊಟ್ಟರೆ ಇನ್ನೊಬ್ಬನು ನಾಲ್ಕು ಕೊಡುತ್ತಾನೆ; ಬೆಳಗ್ಗೆ ಎಂಟಾದದ್ದು ಸಂಜೆ ಆರಾಗುತ್ತದೆ. ತಕ್ಕಡಿಯಾಗಿ ನೋಡಿದರೆ ಅದು ನೆಚ್ಚತಕ್ಕದ್ದಲ್ಲ. ಆದರೆ ಕಹಳೆ ಬಂಡೆಯ ಮೇಲಿನ ಹುಡುಗರಾಗಲಿ, ಚಪ್ಪರದ ಹೊರಗಿನ ಮುದುಕರಾಗಲಿ, ಹಾಡನ್ನು ತೂಗಲು ಕೂಡಿದವರಲ್ಲ. ನನಗೆ ಇದು ಪ್ರಿಯ, ನಿನಗೆ ಎಷ್ಟು ಪ್ರಿಯ, ಎಂದು ಕೇಳಲು ಕೂಡಿದವರು. ಹತ್ತಕ್ಕೆ ಎಷ್ಟು ಎಂಬ ಪ್ರಶ್ನೆಯಲ್ಲಿ ಹಾಡು ನೆಪ. ಅದಕ್ಕೆ ನಾಲ್ಕು ಎಂದರೂ ಉತ್ತರವೇ, ಒಂದು ಎಂದರೂ ಉತ್ತರವೇ. ಕೇಳದೆ ಹೇಳಿದ ಸೊನ್ನೆ ಮಾತ್ರ ಉತ್ತರವಲ್ಲ. ಅದು ಪ್ರಶ್ನೆ ಕೇಳಿದವನನ್ನೇ ಹೊರಕ್ಕೆ ಕಳುಹಿಸುವುದು.

ಕಡೆಗೆ ಮೊದಲನೆಯ ಹಾಡು ಉಳಿಯಿತು: ಐರನ್ ಮೇಡನ್ ೧೯೮೨ರಲ್ಲಿ ಹಾಡಿದ "ಹ್ಯಾಲೋಡ್ ಬಿ ದೈ ನೇಮ್". ಏಳು ನಿಮಿಷದ ಹಾಡು. ಗಲ್ಲಿಗೇರಬೇಕಾದ ಕೈದಿಯೊಬ್ಬನು ತನ್ನ ಕಡೆಯ ಗಂಟೆಗಾಗಿ ಕಾಯುತ್ತಾನೆ. ಅಂದು ನಡುಮನೆಯಲ್ಲಿ ನಾನು ಕೇಳಿದ ಗಂಟೆ ಅವನದು. ನಿಧಾನವಾದ ಆ ದನಿ ಅವನದು. ನಾನು ಗುಂಡಿ ಒತ್ತಿದ ಕ್ಷಣದಲ್ಲಿ ಅವನು ಇನ್ನೂ ಯೋಚಿಸತೊಡಗಿದ್ದ. ಆಮೇಲೆ ಅವನು ಅಳುತ್ತಾನೆ, ತಾನು ಹೆದರಿಲ್ಲವೆಂದು ಹೇಳಿಕೊಳ್ಳುತ್ತಾನೆ, ಮುಂದೇನೆಂದು ಕೇಳಿಕೊಳ್ಳುತ್ತಾನೆ. ಎರಡು ಗಿಟಾರುಗಳು ಜೊತೆಗೂಡಿ ಅವನನ್ನು ಕೈಹಿಡಿದು ನಡೆಸಿಕೊಂಡು ಹೋಗುವಂತೆ ನುಡಿಯುತ್ತವೆ. ಹದಿನೇಳು ವರ್ಷದ ಹುಡುಗನು ಸಾವನ್ನು ಕುರಿತ ಹಾಡನ್ನು ತಂದೆಯ ಬಳಿಗೆ ತಂದಿದ್ದನು. ಏನು ಕೇಳಬೇಕೆಂದಿದ್ದನೋ!

ಮರುಮೌಲ್ಯಮಾಪನದಲ್ಲಿ ಹಳೆಯ ಅಂಕವನ್ನು ಅಳಿಸಕೂಡದು. ಒಂದು ಗೆರೆ ಹೊಡೆದು ಹೊಸದನ್ನು ಪಕ್ಕದಲ್ಲಿ ಬರೆದು ರುಜು ಹಾಕಬೇಕು. ಹಾಗೆಯೇ ಮಾಡಿದೆ. ಎಂಟೂವರೆ ಬರೆದೆ. ನಾಲ್ಕನೆಯ ಪುಟದಿಂದ ಮುಂದಕ್ಕೆ ನನ್ನ ಅಂಕಣದ ಗೆರೆಗಳನ್ನು ನಾನೇ ಎಳೆದು ತುಂಬಿದೆ. ಮೊಮ್ಮಗಳು ಪುಟಗಳ ಚಿತ್ರ ತೆಗೆದು ಮಗನಿಗೆ ಕಳುಹಿಸಿದಳು.

ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ರಾತ್ರಿ ಹನ್ನೊಂದಕ್ಕೆ ದೂರವಾಣಿ ಬಂತು. ಮಾತ್ರೆಯ ವಿಷಯ ಎತ್ತಲಿಲ್ಲ; ಮಳೆಯ ವಿಷಯ ಎತ್ತಲಿಲ್ಲ. "ಅಣ್ಣ, ಪೇನ್‌ಕಿಲ್ಲರಿಗೆ ಏಳು ಎಂದರೇನು? ಅಮ್ಮನಿಗಾದರೆ ಗಂಟಲಿನ ಚಿಂತೆ, ನಿಮಗೇನು ಕಾರಣ? ಮೊದಲನೆಯದಕ್ಕೆ ಎಂಟೂವರೆ! ಉಳಿದ ಒಂದೂವರೆ ಎಲ್ಲಿ ಹೋಯಿತು?" ದನಿ ಏರಿತ್ತು. ನಾನೂ ಏರಿಸಿದೆ. ಭಗಣದ ವಿಚಾರ ಹೇಳಿದೆ. ಅವನು ಒಪ್ಪಲಿಲ್ಲ, ಆಮೇಲೆ ತಾಳ ಹಾಕಿ ನೋಡಿ ಒಪ್ಪಿದನು. ಒಂದು ಗಂಟೆ ಹತ್ತು ನಿಮಿಷ ಜಗಳವಾಡಿದೆವೆಂದು ಮೊಮ್ಮಗಳು ಲೆಕ್ಕ ಹೇಳಿದಳು. ಆ ಒಂದೂವರೆ ಅಂಕದ ಲೆಕ್ಕವನ್ನು ನಾನು ಇನ್ನೂ ಒಪ್ಪಿಸಿಲ್ಲ. ಬರುವ ರಾಮನವಮಿಗೆ ಅವನು ಊರಿಗೆ ಬರುತ್ತಾನಂತೆ. ಎದುರಿಗೆ ಕೂತು ಕೇಳುತ್ತಾನಂತೆ.